ಮೂರು ಹಳದಿ ತಂತಿಗಳು, ಒಂದು ಸರಿಯಾದ ಇಕ್ಕಳ

ಬೈಕಿನ ಬದಿಯ ಪ್ಯಾನೆಲ್ ಬಿಚ್ಚಿದರೆ, ಎಂಜಿನ್ನಿನ ಕಡೆಯಿಂದ ಬರುವ ಒಂದೇ ಬಣ್ಣದ ಮೂರು ತಂತಿಗಳು ಬಿಳಿ ಪ್ಲಾಸ್ಟಿಕ್ ಕಪ್ಲರೊಂದರ ಮೂಲಕ ಎಂಜಿನ್ನಿನ ಎಸಿ ವಿದ್ಯುತ್ತನ್ನು ಬ್ಯಾಟರಿಗೆ ತಕ್ಕ ಡಿಸಿಯಾಗಿಸುವ ರೆಗ್ಯುಲೇಟರ್-ರೆಕ್ಟಿಫೈಯರಿಗೆ ಸೇರುವುದು ಕಾಣುತ್ತದೆ. ಹಲವು ಮಾದರಿಗಳಲ್ಲಿ ಈ ತಂತಿಗಳು ಹಳದಿ. ಹಳೆಯ ಬೈಕುಗಳಲ್ಲಿ ಆ ಬಿಳಿ ಕಪ್ಲರು ಕಾಫಿ ಬಣ್ಣಕ್ಕೆ ತಿರುಗಿ, ಒಂದು ತೂತಿನ ಸುತ್ತ ಕರಗಿರುವುದು ಅಪರೂಪವಲ್ಲ. ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದು ಗ್ಯಾರೇಜಿಗೆ ಹೋದರೆ ಕಪ್ಲರನ್ನು ಕತ್ತರಿಸಿ ಎಸೆದು, ತಂತಿಗಳನ್ನು ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿ ಕೊಡುವುದೇ ವಾಡಿಕೆ. ನನ್ನ ಬೈಕಿಗೂ ಹಾಗೆಯೇ ಆಯಿತು, ಮತ್ತು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಟೇಪಿನೊಳಗೆ ತಾಮ್ರ ಹಸಿರುಗಟ್ಟಿತ್ತು.

ಕಪ್ಲರ್ ಸುಡುವುದೇಕೆ ಎಂಬುದಕ್ಕೆ ಉತ್ತರ ಸರಳವಾದ ಲೆಕ್ಕದಲ್ಲಿದೆ. ಬಹಳಷ್ಟು ಬೈಕುಗಳಲ್ಲಿರುವ ಷಂಟ್ ಬಗೆಯ ರೆಗ್ಯುಲೇಟರು ಬ್ಯಾಟರಿಗೆ ಬೇಡವಾದ ವಿದ್ಯುತ್ತನ್ನು ತಡೆಯುವುದಿಲ್ಲ. ಎಂಜಿನ್ನಿನೊಳಗೆ ವಿದ್ಯುತ್ ಹುಟ್ಟಿಸುವ ಕಾಯಿಲಿನ ತುದಿಗಳನ್ನು ತನ್ನೊಳಗೇ ಷಾರ್ಟ್ ಮಾಡಿ ಅದನ್ನು ಮರಳಿ ಕಾಯಿಲಿಗೇ ಹರಿಸುತ್ತದೆ. ಆದ್ದರಿಂದ ಹೆಡ್‌ಲೈಟ್ ಆರಿಸಿದ್ದರೂ ಈ ಮೂರು ತಂತಿಗಳಿಗೆ ಬಿಡುವಿಲ್ಲ. ಒಂದು ತಂತಿಯಲ್ಲಿ 15 ಆಂಪಿಯರ್ ಹರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಜಾಯಿಂಟಿನ ರೋಧ 2 ಮಿಲಿಓಮ್ ಇದ್ದರೆ ಅಲ್ಲಿ ಹುಟ್ಟುವ ಶಾಖ 0.45 ವ್ಯಾಟ್, ರೋಧ 20 ಮಿಲಿಓಮಿಗೆ ಏರಿದರೆ 4.5 ವ್ಯಾಟ್. ಹುಣಸೆಬೀಜದಷ್ಟು ಜಾಗದಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ಕಿನೊಳಗೆ ಈ ಶಾಖ ಸೇರಿದಾಗ ತಾಮ್ರದ ಮೇಲೆ ಆಕ್ಸೈಡ್ ಪದರ ಬೆಳೆಯುತ್ತದೆ, ಅದರಿಂದ ರೋಧ ಇನ್ನಷ್ಟು ಹೆಚ್ಚುತ್ತದೆ, ಮತ್ತೆ ಬಿಸಿಯೂ ಹೆಚ್ಚುತ್ತದೆ. ಕಪ್ಲರಿನೊಳಗೆ ತಂತಿಯ ತುದಿಯ ಲೋಹದ ಪಿನ್ನು ಎದುರಿನ ಪಿನ್ನಿಗೆ ಕೂಡುವ ಜಾಗ ಸಡಿಲವಾದರೂ ಹೀಗಾಗಬಹುದು. ಆದರೆ ತಂತಿಯು ಪಿನ್ನಿಗೆ ಕೂಡುವ ಜಾಗವನ್ನು ನಾವು ನಮ್ಮ ಕೈಯಾರೆ ಕೆಡಿಸುತ್ತೇವೆ.

ತಂತಿಯನ್ನು ಪಿನ್ನಿಗೆ ಅದುಮಿ ಕೂಡಿಸುವ ಕ್ರಿಂಪಿಂಗ್ ಎಂದರೆ ಪಿನ್ನಿನ ರೆಕ್ಕೆಗಳನ್ನು ತಂತಿಯ ಮೇಲೆ ಮಡಚುವುದು ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ವಾಸ್ತವದಲ್ಲಿ ಅಲ್ಲಿ ಲೋಹ ಹರಿಯುತ್ತದೆ. ಸರಿಯಾದ ಅಚ್ಚಿನಲ್ಲಿ ಅದುಮಿದಾಗ ತಾಮ್ರದ ಎಳೆಗಳು ಒಂದರ ಮೇಲೊಂದು ಉಜ್ಜಿ ಉದ್ದುದ್ದಕ್ಕೆ ಜಾರುತ್ತವೆ, ಅವುಗಳ ಮೇಲಿನ ಆಕ್ಸೈಡ್ ಪೊರೆ ಒಡೆಯುತ್ತದೆ, ಮತ್ತು ಒಳಗಿನ ಹೊಸ ಲೋಹ ಪಿನ್ನಿನ ಲೋಹವನ್ನು ನೇರವಾಗಿ ಮುಟ್ಟುತ್ತದೆ. ನಡುವೆ ಗಾಳಿಗೂ ತೇವಕ್ಕೂ ಜಾಗ ಉಳಿಯದೆ ಇರುವುದರಿಂದ ಆ ಸ್ಪರ್ಶ ವರ್ಷಗಟ್ಟಲೆ ಕೆಡುವುದಿಲ್ಲ. ಕಡಿಮೆ ಅದುಮಿದರೆ ಸಂದು ಉಳಿಯುತ್ತದೆ. ಹೆಚ್ಚು ಅದುಮಿದರೆ ಎಳೆಗಳು ತೆಳುವಾಗಿ ತುಂಡಾಗುತ್ತವೆ.

ಇದನ್ನು ಕಣ್ಣಾರೆ ನೋಡಬಹುದು. ಜಾಯಿಂಟೊಂದನ್ನು ಅಡ್ಡಲಾಗಿ ಗರಗಸದಿಂದ ಕೊಯ್ದು, ಕೊಯ್ದ ಮುಖವನ್ನು ನೀರು ಹಾಕಿ ಸಣ್ಣ ಎಮರಿ ಕಾಗದದ ಮೇಲೆ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿದೆ. ಸರಿಯಾದ ಜಾಯಿಂಟಿನಲ್ಲಿ ಪಿನ್ನಿನ ಎರಡು ರೆಕ್ಕೆಗಳು ವೀಳ್ಯದೆಲೆಯ ತೊಟ್ಟಿನ ಕಡೆಯ ಎರಡು ಉಬ್ಬುಗಳಂತೆ ಒಳಸುರುಳಿ, ಎಳೆಗಳ ಮಧ್ಯಕ್ಕೆ ಇಳಿದಿದ್ದವು. ದುಂಡಗಿದ್ದ ಎಳೆಗಳು ಜೇನುಹಟ್ಟಿನ ಕೋಣೆಗಳ ಹಾಗೆ ಮೂಲೆಮೂಲೆಯಾಗಿ ಒಂದಕ್ಕೊಂದು ಒತ್ತಿಕೊಂಡಿದ್ದವು. ನೋಸ್ ಪ್ಲೈಯರಿನಿಂದ ಮಡಚಿದ್ದ ಇನ್ನೊಂದರಲ್ಲಿ ಎಳೆಗಳು ದುಂಡಗೇ ಇದ್ದವು, ನಡುವೆ ಕಪ್ಪು ಸಂದುಗಳಿದ್ದವು. ಹೊರಗಿನಿಂದ ನೋಡಿದಾಗ ಎರಡೂ ಗಟ್ಟಿಯಾಗಿಯೇ ಕಂಡಿದ್ದವು.

ಹಾಗಾದರೆ ಬೆಸುಗೆ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಸೀಸದ ಬೆಸುಗೆ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿ, ಮೃದುವಾದ ತಂತಿಯನ್ನು ಕಡ್ಡಿ ಮಾಡುತ್ತದೆ. ಕಡ್ಡಿ ಮುಗಿದು ತಂತಿ ಶುರುವಾಗುವ ಗೆರೆಯಲ್ಲಿ ಬಾಗುವಿಕೆಯೆಲ್ಲ ಕೂಡಿಬೀಳುತ್ತದೆ. 6000 ಆರ್‌ಪಿಎಮ್‌ನಲ್ಲಿ ಎಂಜಿನ್ನಿನ ಕ್ರ್ಯಾಂಕ್ ಗಂಟೆಗೆ 3.6 ಲಕ್ಷ ಸುತ್ತು ತಿರುಗುತ್ತದೆ; ಅಷ್ಟೂ ಅಲುಗಾಟ ಆ ಗೆರೆಯ ಪಾಲು. 1941ರಲ್ಲಿ ಅಮೆರಿಕದಲ್ಲಿ ಶುರುವಾಗಿ ಮುಂದೆ ಎಎಂಪಿ ಎಂದು ಹೆಸರಾದ ಏರ್‌ಕ್ರಾಫ್ಟ್-ಮೆರೀನ್ ಪ್ರಾಡಕ್ಟ್ಸ್ ಕಂಪನಿ ವಿಮಾನ ಮತ್ತು ಹಡಗುಗಳಿಗಾಗಿ ಮಾಡಿದ್ದು ಬೆಸುಗೆ ಬೇಡದ ಇಂಥ ಪಿನ್ನುಗಳನ್ನೇ.

ಇನ್ನು ಇಕ್ಕಳದ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕ್ರಿಂಪಿಂಗ್ ಟೂಲ್ ಕೇಳಿದಾಗ ನನ್ನ ಕೈಗೆ ಮೊದಲು ಬಂದದ್ದು ಇಂಟರ್ನೆಟ್ ಕೇಬಲ್ಲಿನದು, ಆಮೇಲೆ ಬಂದದ್ದು ಹಿಡಿಯ ಹತ್ತಿರ ಕೆಂಪು, ನೀಲಿ, ಹಳದಿ ಚುಕ್ಕೆಗಳಿದ್ದದ್ದು. ಆ ಚುಕ್ಕೆಗಳು ತಂತಿಯ ತುದಿಗೆ ಹಾಕುವ, ಪ್ಲಾಸ್ಟಿಕ್ ತೊಟ್ಟ ಲಗ್ಗುಗಳಿಗೆ ಸೇರಿದವು. ಬೈಕಿನ ಕಪ್ಲರುಗಳಲ್ಲಿ ಹೆಚ್ಚಾಗಿ ಕಾಣುವ ತೆರೆದ ರೆಕ್ಕೆಯ ಪಿನ್ನನ್ನು ಆ ಇಕ್ಕಳ ಚಪ್ಪಟೆ ಮಾಡುತ್ತದೆ, ಸುರುಳಿಸುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ನೋಡಬೇಕಾದದ್ದು ಬೈಕಿನ ಹೆಸರನ್ನಲ್ಲ, ಪಿನ್ನನ್ನು. ಅದರ ಚಪ್ಪಟೆ ನಾಲಗೆಯ ಅಗಲವನ್ನು ವರ್ನಿಯರಿನಲ್ಲಿ ಅಳೆದರೆ 2.3, 2.8 ಅಥವಾ 6.3 ಮಿ.ಮೀ. ಸಿಗುವ ಸಾಧ್ಯತೆ ಹೆಚ್ಚು. ಅಂಗಡಿಯವರು 090, 110, 250 ಎನ್ನುವುದು ಇವನ್ನೇ, ಇಂಚಿನ ಸಾವಿರದ ಲೆಕ್ಕದಲ್ಲಿ. ಜೊತೆಗೆ ತಂತಿಯ ದಪ್ಪ ಎಷ್ಟು ಸ್ಕ್ವೇರ್ ಎಂಎಂ ಎಂಬುದೂ ಗೊತ್ತಿರಬೇಕು. 1.5ರವರೆಗಿನ ಅಚ್ಚಿರುವ ಅಗ್ಗದ ರ‍್ಯಾಚೆಟ್ ಇಕ್ಕಳ ಇಂಡಿಕೇಟರ್ ಮತ್ತು ಹಾರ್ನ್ ತಂತಿಗಳಿಗೆ ಸಾಕು, ದಪ್ಪ ಹಳದಿ ತಂತಿಗಳಿಗೆ ಸಾಲದು.

ರ‍್ಯಾಚೆಟ್ ಇದ್ದರೆ ಪೂರ್ತಿ ಅದುಮುವವರೆಗೆ ಇಕ್ಕಳ ಬಿಡುವುದಿಲ್ಲ, ಪ್ರತಿ ಜಾಯಿಂಟೂ ಒಂದೇ ಸಮ ಬರುತ್ತದೆ. ಆದರೂ ನನ್ನ ಲೆಕ್ಕದಲ್ಲಿ ಅಚ್ಚಿನ ಆಕಾರ ಮೊದಲು, ರ‍್ಯಾಚೆಟ್ ಎರಡನೆಯದು. ತಪ್ಪು ಅಚ್ಚಿನ ರ‍್ಯಾಚೆಟ್ ಪ್ರತಿ ಸಲವೂ ಒಂದೇ ತಪ್ಪನ್ನು ಮಾಡುತ್ತದೆ. ತಾಮ್ರ ಹಿಡಿಯುವ ಮುಂದಿನ ರೆಕ್ಕೆಯನ್ನೂ ತಂತಿಯ ಹೊದಿಕೆ ಹಿಡಿಯುವ ಹಿಂದಿನ ರೆಕ್ಕೆಯನ್ನೂ ಬೇರೆಬೇರೆಯಾಗಿ ಅದುಮುವ, ರ‍್ಯಾಚೆಟ್ ಇಲ್ಲದ ಜಪಾನೀ ಇಕ್ಕಳಗಳು ಹಲವು ಕಂಪನಿಗಳ ಪಿನ್ನುಗಳಿಗೆ ಹೊಂದುತ್ತವೆ. ಒಂದೇ ಇಕ್ಕಳ ಕೊಳ್ಳುವವರಿಗೆ ನಾನು ಹೇಳುವುದು ಅದನ್ನೇ. ಡಾಯ್ಚ್ ಡಿಟಿ ಎಂಬ, ನೀರು ಹೊಗದ ಬಗೆಯ ಕಪ್ಲರಿನ ಇಡಿಯಾಗಿ ಕಡೆದ ದುಂಡು ಪಿನ್ನಿಗೆ ಮಾತ್ರ ನಾಲ್ಕು ಕಡೆಯಿಂದ ಒತ್ತುವ ಬೇರೆಯೇ ದುಬಾರಿ ಇಕ್ಕಳ ಬೇಕು. ಯಾವುದನ್ನೇ ಕೊಂಡರೂ ಮೊದಲು ಹಾಳು ತಂತಿಯ ಮೇಲೆ ಪರೀಕ್ಷಿಸಬೇಕು: 1 ಸ್ಕ್ವೇರ್ ಎಂಎಂ ತಂತಿಯ ಜಾಯಿಂಟಿಗೆ ನಾನು ಹತ್ತು ಲೀಟರ್ ನೀರಿನ ಬಕೆಟ್ಟು ತೂಗುಹಾಕುತ್ತೇನೆ.

ಹಳೆಯ ಪಿನ್ನನ್ನು ಕಪ್ಲರಿನಿಂದ ಹೊರತೆಗೆಯುವುದಕ್ಕೆ ಬಲಕ್ಕಿಂತ ತಾಳ್ಮೆ ಬೇಕು. 6.3 ಮಿ.ಮೀ. ಪಿನ್ನಿನ ಬೆನ್ನಿನ ಮೇಲೆ ಸಣ್ಣದೊಂದು ಲೋಹದ ಕೊಕ್ಕೆ ಎದ್ದಿರುತ್ತದೆ. ಅದು ಪ್ಲಾಸ್ಟಿಕ್ಕಿನ ಮೆಟ್ಟಿಲಿಗೆ ಸಿಕ್ಕಿಕೊಳ್ಳುವುದರಿಂದಲೇ ತಂತಿ ಹಿಂದಕ್ಕೆ ಬರುವುದಿಲ್ಲ. ಬೇರೆ ಕೆಲವು ಬಗೆಗಳಲ್ಲಿ ಕೊಕ್ಕೆ ಪ್ಲಾಸ್ಟಿಕ್ಕಿನದೇ ಆಗಿರುತ್ತದೆ, ಮೇಲೆ ಇನ್ನೊಂದು ಬಣ್ಣದ ಬೀಗವೂ ಇರುತ್ತದೆ. ಆ ಬೀಗವನ್ನು ಮೊದಲು ಸರಿಸಬೇಕು. ತಂತಿಯನ್ನು ಎಳೆಯುವ ಬದಲು ಮೊದಲು ಒಳಕ್ಕೆ ತಳ್ಳಿದರೆ ಕೊಕ್ಕೆಯ ಮೇಲಿನ ಭಾರ ಇಳಿಯುತ್ತದೆ. ಆಮೇಲೆ ಕಪ್ಲರಿನ ಮುಂಭಾಗದಿಂದ ತೆಳುವಾದ ಉಕ್ಕಿನ ಅಲಗನ್ನು ತೂರಿಸಿ ಕೊಕ್ಕೆಯನ್ನು ಅದುಮಿದರೆ ತಂತಿ ತಾನಾಗಿ ಹಿಂದೆ ಸರಿಯುತ್ತದೆ. ಮಾರಾಟಕ್ಕಿರುವ ಅಗ್ಗದ ಸೆಟ್ಟಿನ ಅಲಗುಗಳು ಮೆತ್ತಗಿದ್ದು ಎರಡನೇ ಪಿನ್ನಿಗೇ ಬಾಗಿದ್ದರಿಂದ, ನಾನು ಹ್ಯಾಕ್ಸಾ ಬ್ಲೇಡಿನ ತುಂಡನ್ನು ಸಾಣೆ ಹಿಡಿದು ಬಳಸುತ್ತಿದ್ದೇನೆ.

ಹೊರಬಂದ ಪಿನ್ನನ್ನು ಮತ್ತೆ ಬಳಸುವುದಾದರೆ ಕೊಕ್ಕೆಯನ್ನು ಚಾಕುವಿನ ತುದಿಯಿಂದ ಮೊದಲಿನಷ್ಟೇ ಎತ್ತಿ, ಟಕ್ಕೆನ್ನುವವರೆಗೆ ಒಳಗೆ ತಳ್ಳಬೇಕು. ಉಳಿದ ಕಪ್ಲರುಗಳಲ್ಲಿ ಯಾವ ತಂತಿ ಯಾವ ತೂತಿನಲ್ಲಿತ್ತೆಂದು ಬಿಚ್ಚುವ ಮುನ್ನವೇ ಫೋಟೋ ತೆಗೆದಿಡುವುದು ಒಳ್ಳೆಯದು. ಈ ಮೂರು ಹಳದಿ ತಂತಿಗಳಿಗೆ ಮಾತ್ರ ಅದರ ಅಗತ್ಯವಿಲ್ಲ. ಅವುಗಳಲ್ಲಿ ಹರಿಯುವುದು ಮೂರು ಫೇಸಿನ ಎಸಿ ವಿದ್ಯುತ್ತಾದ್ದರಿಂದ ಯಾವುದನ್ನು ಯಾವ ತೂತಿಗೆ ಹಾಕಿದರೂ ಬ್ಯಾಟರಿ ಚಾರ್ಜ್ ಆಗುತ್ತದೆ.