ಇಸ್ಕೀಮಿಯಾದಲ್ಲಿ ಮೆಲಟೋನಿನ್: ಮೊದಲು ಸಾಂದ್ರತೆಯ ಲೆಕ್ಕ

ಅಂಗಾಂಶಕ್ಕೆ ರಕ್ತ ನಿಲ್ಲುವುದೇ ಇಸ್ಕೀಮಿಯಾ. ಅದರ ಹಾನಿಯಿಂದ ರಾತ್ರಿಯ ಹಾರ್ಮೋನು ಮೆಲಟೋನಿನ್ ಅಂಗಾಂಶವನ್ನು ಉಳಿಸುತ್ತದೆಯೇ, ಹೇಗೆ ಎಂಬುದು ಪ್ರಶ್ನೆ. ರಕ್ತ ನಿಂತಾಗ ಕೋಶದ ಇಂಧನವಾದ ಎಟಿಪಿ ಕುಸಿಯುತ್ತದೆ, ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಲ್ಲುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ತುಂಬುತ್ತದೆ. ಇಷ್ಟು ಸುಲಭ. ಗಮನವೆಲ್ಲ ಇರಬೇಕಾದದ್ದು ರಕ್ತ ಮರಳಿದ ಮೊದಲ ಕೆಲವು ನಿಮಿಷಗಳ ಮೇಲೆ. ಅಲ್ಲಿಯವರೆಗೆ ಕೂಡಿಬಿದ್ದ ಸಕ್ಸಿನೇಟ್ ಎಂಬ ಇಂಧನ ಅಣು ಆಮ್ಲಜನಕ ಸಿಕ್ಕೊಡನೆ ಉರಿಯುತ್ತದೆ. ಎಲೆಕ್ಟ್ರಾನುಗಳು ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದಲ್ಲಿರುವ ಕಾಂಪ್ಲೆಕ್ಸ್ 1 ಕಿಣ್ವಕ್ಕೆ ಹಿಮ್ಮುಖವಾಗಿ ನುಗ್ಗಿ, ಆಮ್ಲಜನಕದ ಹಾನಿಕರ ರೂಪವಾದ ಸೂಪರ್‌ಆಕ್ಸೈಡ್ ಹುಟ್ಟಿಸುತ್ತವೆ. ಕೋಶದ ಆಮ್ಲೀಯತೆ ಇಳಿಯುತ್ತಿದ್ದಂತೆ, ಆವರೆಗೆ ಮುಚ್ಚಿದ್ದ ಮೈಟೋಕಾಂಡ್ರಿಯಾದ ಎಂಪಿಟಿಪಿ ರಂಧ್ರ ತೆರೆಯುತ್ತದೆ. ಕೋಶದ ಸಾವು ನಿರ್ಧಾರವಾಗುವುದು ಹೆಚ್ಚಾಗಿ ಇಲ್ಲೇ.

ಈಗ ಎಡವುವ ಜಾಗ. "ಮೆಲಟೋನಿನ್ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹಿಡಿಯುತ್ತದೆ, ಹಾಗಾಗಿ ಅಂಗಾಂಶ ಉಳಿಯುತ್ತದೆ" ಎಂಬ ಸಾಲು ಎಲ್ಲೆಡೆ ಸಿಗುತ್ತದೆ. ಹೈಡ್ರಾಕ್ಸಿಲ್ ಸಿಕ್ಕ ಅಣುವನ್ನೆಲ್ಲ ಕೆಡಿಸುವ ಅತಿ ಚುರುಕಾದ ಕಣ. ಪ್ರಯೋಗನಾಳದಲ್ಲಿ ಮೆಲಟೋನಿನ್ ಅದನ್ನು ಹಿಡಿಯುತ್ತದೆ, 1993ರಲ್ಲೇ ತೋರಿಸಿದ್ದಾರೆ. ದೇಹದಲ್ಲಿ ಹಿಡಿಯುವಷ್ಟು ಇದೆಯೇ?

ಲೆಕ್ಕದ ಸುಲಭದಾರಿ ಇದು: ಮೆಲಟೋನಿನ್ ಅಣುತೂಕ 232. ಒಂದು ಮಿಲಿಲೀಟರಿಗೆ ಎಷ್ಟು ಪಿಕೋಗ್ರಾಂ ಎಂಬ ಅಂಕಿಯನ್ನು 232ರಿಂದ ಭಾಗಿಸಿದರೆ ಉತ್ತರ ನೇರವಾಗಿ ನ್ಯಾನೋಮೋಲಾರ್‌ನಲ್ಲಿ ಬರುತ್ತದೆ. ಮಿಲಿಲೀಟರಿಗೆ ಪಿಕೋಗ್ರಾಂ, ಲೀಟರಿಗೆ ನ್ಯಾನೋಗ್ರಾಂ, ಎರಡೂ ಒಂದೇ ಅಂಕಿಯಾದ್ದರಿಂದ ಸೊನ್ನೆ ಎಣಿಸುವ ಕೆಲಸವಿಲ್ಲ. ರಾತ್ರಿಯ ಪ್ಲಾಸ್ಮಾ ಮಟ್ಟ ಸುಮಾರು 60 ಎಂದಿಟ್ಟುಕೊಳ್ಳಿ: 60 ÷ 232 = 0.26 ನ್ಯಾನೋಮೋಲಾರ್. ಅದೇ ಪ್ಲಾಸ್ಮಾದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸುಮಾರು 6,00,000 ನ್ಯಾನೋಮೋಲಾರ್. ಹೈಡ್ರಾಕ್ಸಿಲ್ ಎದುರು ಸಿಕ್ಕಿದ್ದರ ಜೊತೆ ಪ್ರತಿಕ್ರಿಯಿಸುತ್ತದೆ, ಆರಿಸಿಕೊಳ್ಳುವುದಿಲ್ಲ. ಇಪ್ಪತ್ತು ಲಕ್ಷ ಪಟ್ಟು ಹೆಚ್ಚಿರುವ ಆಲ್ಬುಮಿನ್ ಬಿಟ್ಟು ಮೆಲಟೋನಿನ್ನನ್ನೇ ಹುಡುಕಿಕೊಂಡು ಹೋಗಲು ಕಾರಣವಿಲ್ಲ.

ಔಷಧವಾಗಿ ಕೊಟ್ಟರೆ? 12 ಮಿಲಿಗ್ರಾಂ ಐದು ಲೀಟರ್ ರಕ್ತದಲ್ಲಿ ಬೆರೆತರೆ ಕ್ಷಣಕಾಲ ಸುಮಾರು 10 ಮೈಕ್ರೋಮೋಲಾರ್. ಆಗಲೂ ಆಲ್ಬುಮಿನ್ 60 ಪಟ್ಟು ಮುಂದು. ಮೇಲಾಗಿ ಮೆಲಟೋನಿನ್ ಬೇಗ ಅಂಗಾಂಶಗಳಿಗೆ ಹಂಚಿಹೋಗುತ್ತದೆ, ಅರ್ಧಾಯು ಮುಕ್ಕಾಲು ಗಂಟೆಯ ಆಸುಪಾಸು. ಮೈಟೋಕಾಂಡ್ರಿಯಾದೊಳಗೆ ಪ್ಲಾಸ್ಮಾಕ್ಕಿಂತ ಹೆಚ್ಚು ಸೇರುತ್ತದೆ ಎಂಬ ಪ್ರಾಣಿಪ್ರಯೋಗದ ಅಳತೆಗಳಿವೆ, ಅದನ್ನು ತಳ್ಳಿಹಾಕಬೇಡಿ. ಆದರೆ ಮೆಲಟೋನಿನ್ ಬಂದು ಕೂರುವ, ಕೋಶದ ಎಂಟಿ1, ಎಂಟಿ2 ಗ್ರಾಹಕಗಳು ಕೆಲಸ ಮಾಡುವುದು ನ್ಯಾನೋಮೋಲಾರ್‌ಗಿಂತ ಕೆಳಗಿನ ಮಟ್ಟದಲ್ಲೇ. ಅಂದರೆ 0.26 ಅವುಗಳಿಗೆ ಸಾಕು. ಗ್ರಾಹಕದಿಂದ ಎನ್‌ಆರ್‌ಎಫ್2, ಸ್ಟ್ಯಾಟ್3 ಎಂಬ ಸಂಕೇತದ ಹಾದಿಗಳು ಚುರುಕಾಗಿ ಕೋಶದ ಸ್ವಂತ ರಕ್ಷಣಾ ಕಿಣ್ವಗಳು ಹೆಚ್ಚುವುದು, ಎಂಪಿಟಿಪಿ ತೆರೆಯದಿರುವುದು: ವಿವರಣೆಯನ್ನು ಇಲ್ಲಿಂದ ಆರಂಭಿಸುವುದು ಸರಿ. ಪೇಪರ್ ಓದುವಾಗ ಲುಜಿಂಡೋಲ್ ಬಳಸಿದ್ದಾರೆಯೇ ನೋಡಿ. ಅದು ಎರಡೂ ಗ್ರಾಹಕಗಳನ್ನು ತಡೆಯುತ್ತದೆ. ಅದನ್ನು ಸೇರಿಸಿದಾಗ ಲಾಭ ಮಾಯವಾದರೆ ದಾರಿ ಗ್ರಾಹಕದ್ದು.

ರಕ್ತನಾಳದ ಮಾತು ಚಿಕ್ಕದು. ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡನ್ನು ನುಂಗಿ ಪೆರಾಕ್ಸಿನೈಟ್ರೈಟ್ ಆಗುತ್ತದೆ, ಅದು ಇನಾಸ್‌ಗೆ (ನೈಟ್ರಿಕ್ ಆಕ್ಸೈಡ್ ಮಾಡುವ ಕಿಣ್ವ) ಬೇಕಾದ ಸಹಾಯಕ ಅಣು ಬಿಎಚ್4 ಅನ್ನು ಕೆಡಿಸುತ್ತದೆ. ಆಮೇಲೆ ಇನಾಸ್ ಕಿಣ್ವವೇ ಸೂಪರ್‌ಆಕ್ಸೈಡ್ ಮಾಡತೊಡಗುತ್ತದೆ. ಸೂಪರ್‌ಆಕ್ಸೈಡನ್ನು ಬುಡದಲ್ಲೇ ತಗ್ಗಿಸಿದರೆ ಈ ಸುಳಿ ಮುರಿಯುತ್ತದೆ. ಇಲಿಗಳ ಪಾರ್ಶ್ವವಾಯು ಮಾದರಿಗಳಲ್ಲಿ ಮೆಲಟೋನಿನ್ ಕೊಟ್ಟಾಗ, ನಾಳದ ಗೋಡೆಯನ್ನು ಕರಗಿಸುವ ಎಂಎಂಪಿ-9 ಕಿಣ್ವ ಇಳಿದು ರಕ್ತ-ಮಿದುಳು ತಡೆ ಸೋರುವುದೂ ಕಡಿಮೆಯಾಗಿದೆ. ಎಂಟಿ1 ನಾಳವನ್ನು ಬಿಗಿಸುತ್ತದೆ, ಎಂಟಿ2 ಸಡಿಲಿಸುತ್ತದೆ. ಆದ್ದರಿಂದ ಒಂದು ಅಪಧಮನಿಯ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಮನುಷ್ಯರಲ್ಲಿ? ಸ್ಪೇನಿನ ಮಾರಿಯಾ ಪ್ರಯೋಗದಲ್ಲಿ 146 ಹೃದಯಾಘಾತ ರೋಗಿಗಳಿದ್ದರು. ಅಭಿಧಮನಿಗೆ 12, ಹೃದಯದ ಅಪಧಮನಿಗೆ 2 ಮಿಲಿಗ್ರಾಂ ಕೊಟ್ಟರೂ ಒಟ್ಟಾರೆ ಗಾಯದ ಗಾತ್ರ ತಗ್ಗಲಿಲ್ಲ. ಬೇಗ ಚಿಕಿತ್ಸೆ ಸಿಕ್ಕ ಮೂರನೇ ಒಂದು ಭಾಗದವರಲ್ಲಿ, ನೋವು ಶುರುವಾಗಿ ಸರಾಸರಿ 136 ನಿಮಿಷಕ್ಕೆ ನಾಳ ತೆರೆದವರಲ್ಲಿ, ಗಾಯ ಚಿಕ್ಕದಾಗಿತ್ತು. ಇದು ಮುಗಿದ ಮೇಲೆ ವಿಂಗಡಿಸಿ ನೋಡಿದ ಫಲಿತಾಂಶ, ಪುರಾವೆ ಎಂದು ಬರೆದರೆ ತಪ್ಪು. ಪ್ರಯೋಗಾಲಯದಲ್ಲಿ ಔಷಧ ರಕ್ತ ಮರಳುವ ಮೊದಲೇ ಸಿದ್ಧವಿರುತ್ತದೆ, ಇಸ್ಕೀಮಿಯಾವೂ ಸಾಮಾನ್ಯವಾಗಿ ಅರ್ಧ ಗಂಟೆಯದು. ಆಸ್ಪತ್ರೆಗೆ ಬರುವವರ ಸ್ನಾಯು ಅಷ್ಟರಲ್ಲಿ ಗಂಟೆಗಟ್ಟಲೆ ರಕ್ತವಿಲ್ಲದೆ ಕಳೆದಿರುತ್ತದೆ.