ತಣ್ಣಗಿದ್ದಾಗ ಗಟ್ಟಿ, ಕಾದಾಗ?

ಬೆಳಗಾವಿಯ ಫೌಂಡ್ರಿಗಳಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಸರ್, ಯಾವ ಬೈಂಡರ್ ಜಾಸ್ತಿ ಗಟ್ಟಿ?" ಬೈಂಡರ್ ಎಂದರೆ ಬೆಂಕಿ ತಡೆಯುವ ಒಳಪದರದ ಕಣಗಳನ್ನು ಹಿಡಿದಿಡುವ ಅಂಟು. ಕೈಯಲ್ಲಿ ಡೇಟಾ ಶೀಟು, ಬೆರಳು 110 ಡಿಗ್ರಿಯಲ್ಲಿ ಒಣಗಿಸಿ ಅಳೆದ ಬಲದ ಸಾಲಿನ ಮೇಲೆ. ಆ ಅಂಕಿ ಸುಳ್ಳಲ್ಲ. ಆದರೆ ನಿಮ್ಮ ಲ್ಯಾಡಲ್‌ಗೆ (ಕರಗಿದ ಲೋಹ ಹೊರುವ ಪಾತ್ರೆಗೆ) ಬೀಳುವ ಬೀಡು ಕಬ್ಬಿಣ 1400 ಡಿಗ್ರಿಯಷ್ಟು ಕಾದಿರುತ್ತದೆ, ಅಲ್ವಾ?

ಒಂದು ಕಡೆ ಕೋರ್ (ಎರಕದೊಳಗೆ ಟೊಳ್ಳು ಬಿಡಿಸಲು ಇಡುವ ಮರಳಿನ ಅಚ್ಚು) ಮಾಡುವ ಶಾಪಿನ ಸೋಡಿಯಂ ಸಿಲಿಕೇಟನ್ನೇ ಲ್ಯಾಡಲ್ ಒಳಮೈಗೆ ಮೆತ್ತುವ ಪ್ಯಾಚ್‌ಗೂ ಕಲಸುತ್ತಿದ್ದರು. "ಇದರಕಿಂತ ಗಟ್ಟಿ ಯಾವುದೈತ್ರಿ ಸರ್? ಕೋರ್ ಒಡ್ಯಾಕ ಚಾಣ ಬೇಕಾಗತೈತಿ" ಎಂದರು ಅಲ್ಲಿನ ಹಿರಿಯ ಮೇಸ್ತ್ರಿ. ಕೈ ಪಳಗಿದ ಮನುಷ್ಯ, ಅವರ ಕೆಲಸ ನೋಡುವುದೇ ಒಂದು ಖುಷಿ. ಅವರು ಕಂಡದ್ದೂ ನಿಜ. ಆದರೆ ಕಾಕಾ, ಕೋರ್ ಅಷ್ಟು ಬಿಗಿಯುವುದೇಕೆ? ಸಿಲಿಕೇಟಿನ ಸೋಡಾ ಬಿಸಿಗೆ ಮರಳಿನ ಜೊತೆ ಕರಗಿ ಗಾಜಾಗುತ್ತದೆ. ಆ ಗಾಜು ತಣಿದಾಗ ಕಲ್ಲು. ಕಾದಿರುವಾಗ ಬೆಲ್ಲದ ಪಾಕ. ನೀವು ಚಾಣ ಹಿಡಿಯುವುದು ತಣಿದ ಮೇಲೆ! ಕೋರ್ ತುಸು ಹೊತ್ತು ತಡೆದರೆ ಸಾಕು. ಲ್ಯಾಡಲ್ ಪ್ಯಾಚ್ ಹೀಟ್ ಮೇಲೆ ಹೀಟ್ (ಒಂದೊಂದು ಸಲ ಕರಗಿಸಿದ ಲೋಹ) ತಡೆದು ನಿಲ್ಲಬೇಕು. ಅವರ ಪ್ಯಾಚ್ ಸಂಜೆಯೊಳಗೆ ಜಾರಿತ್ತು. ಮರುದಿನ ಇನ್ನೊಂದು ಮಗ್ ಸಿಲಿಕೇಟ್ ಸುರಿದರು. ಸೋಡಾ ಜಾಸ್ತಿಯಾದಷ್ಟೂ ಕರಗುವುದು ಬೇಗ.

ಬೇರೆ ಬೈಂಡರ್‌ಗಳ ಕಥೆಯೂ ಆ ಒಂದು ಸಾಲಿನಲ್ಲಿ ಸಿಗುವುದಿಲ್ಲ. ಫಾಸ್ಫೇಟ್ ಬೈಂಡರನ್ನು ಸುಮ್ನೆ ಒಣಗಿಸಿ ಬಿಟ್ಟರೆ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಸುಮಾರು 350 ಡಿಗ್ರಿ ದಾಟಿಸಿ, ಆಮೇಲೆ ನೀರಿಗೂ ಜಗ್ಗುವುದಿಲ್ಲ. ಅಲ್ಯುಮಿನಾ ಸಿಮೆಂಟಿನ ಮಾಮೂಲಿ ಕ್ಯಾಸ್ಟಬಲ್ (ಕಾಂಕ್ರೀಟಿನಂತೆ ಸುರಿಯುವ, ಬೆಂಕಿ ತಡೆಯುವ ಮಿಶ್ರಣ) ಮೊದಲು ಗಟ್ಟಿ. ಕಾಯುತ್ತಾ ಸಿಮೆಂಟಿನೊಳಗೆ ಕಟ್ಟಿಕೊಂಡ ನೀರು ಹೋಗುತ್ತದೆ. 600ರಿಂದ 1000 ಡಿಗ್ರಿ ನಡುವೆ ಬಲ ಇಳಿಯುತ್ತದೆ. ಇನ್ನೂ ಮೇಲೆ ಕಣಗಳು ಬೆಸೆದುಕೊಂಡಾಗ ಮತ್ತೆ ಏರುತ್ತದೆ. ಕೊಲಾಯ್ಡಲ್ ಸಿಲಿಕಾದ ಮೊದಲ ಅಂಕಿ ಸಾಧಾರಣ, ಕಾಯಿಸಿದಂತೆ ಬಲ ಬರುತ್ತದೆ. 110ರ ಸಾಲು ನೋಡಿ ಅದನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಶೀಟಿನಲ್ಲಿ 1400 ಡಿಗ್ರಿ ಎಂದು ಬರೆದಿರುವ ಸಾಲು ಕೂಡ ಸಾಮಾನ್ಯವಾಗಿ ಕಾಯಿಸಿ, ತಣಿಸಿ, ಆಮೇಲೆ ಅಳೆದದ್ದು. ಅಷ್ಟರಲ್ಲಿ ಗಾಜು ಮತ್ತೆ ಬಿಗಿದಿರುತ್ತದೆ. ಬಿಸಿಯಲ್ಲೇ ಮುರಿದು ಅಳೆದ ಬಲ ಬೇರೆ. ಅದಕ್ಕೆ ಹಾಟ್ ಎಂಒಆರ್ ಎನ್ನುತ್ತಾರೆ, ಸಪ್ಲೈಯರ್ ಹತ್ತಿರ ಅದನ್ನೇ ಕೇಳಿ. ಸ್ಲ್ಯಾಗ್ (ಲೋಹದ ಮೇಲೆ ತೇಲುವ ಕಿಟ್ಟ) ಎಂಥದ್ದು, ಒಳಪದರದಲ್ಲಿ ಅಲ್ಯುಮಿನಾ ಎಷ್ಟು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಫೋನಿನಲ್ಲಿ ಬೈಂಡರ್ ಹೆಸರು ಹೇಳಲು ನನಗೆ ಧೈರ್ಯವಿಲ್ಲ.

ಸಿಲಿಕೇಟ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆಸಿಡ್ ಹೊಗೆ ಹಾಯುವ ಚಿಮಣಿಯ ಇಟ್ಟಿಗೆ ಗಾರೆಗೆ ಎಷ್ಟೋ ಸಲ ಅದನ್ನೇ ಬರೆದುಕೊಟ್ಟಿದ್ದೇನೆ.