ಸೋರಿಯಾಸಿಸ್ ಹೊಪ್ಪಳೆ ಹೇಳಿದ ಕಥೆ

ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಇರೋರ ಮೊಣಕೈ ಮೊಣಕಾಲು ನೋಡಿದ್ರೆ ಚರ್ಮ ಬಿರುಕು ಬಿಟ್ಟಿರತ್ತೆ, ಹೊಪ್ಪಳೆ ಕಿತ್ತು ರಕ್ತ ಬಂದಿರತ್ತೆ, ಇಷ್ಟಾದ್ರೂ ಅಲ್ಲಿ ಕೀವಾಗೋದು ಕಮ್ಮಿ. ಅದೇ ಎಕ್ಸಿಮಾ (ಇಸುಬು) ಇರೋ ಮಗು ಒಂಚೂರು ಕೆರ್ಕೊಂಡ್ರೂ ಸಾಕು, ಸ್ಟಾಫ್ ಅನ್ನೋ ಬ್ಯಾಕ್ಟೀರಿಯಾ ಸೇರ್ಕೊಂಡು ರಸಿಗೆ ಸೋರೋಕೆ ಶುರು. ಎರಡೂ ಕಡೆ ಚರ್ಮ ಒಡೆದಿದೆ, ಮತ್ತೆ ಯಾಕೀ ವ್ಯತ್ಯಾಸ?

1841ರಲ್ಲಿ ವಿಯೆನ್ನಾದ ಚರ್ಮವೈದ್ಯ ಫರ್ಡಿನಾಂಡ್ ಹೆಬ್ರಾ ಸೋರಿಯಾಸಿಸ್ ಬೇರೆ ಕುಷ್ಠ ಬೇರೆ ಅಂತ ಬಿಡಿಸಿ ಹೇಳಿದ್ರು, ಅಲ್ಲೀವರೆಗೂ ಎರಡನ್ನೂ ಒಂದೇ ಗುಂಪಿಗೆ ಹಾಕ್ತಿದ್ರು, ಪಾಪ ಆ ಪೇಷಂಟ್‌ಗಳ ಗತಿ ಊಹಿಸ್ಕೊಳ್ಳಿ. ಆಮೇಲೆ ಬಹಳ ಕಾಲ ಎಲ್ರೂ ಬೈದಿದ್ದು ಚರ್ಮದ ಜೀವಕೋಶಗಳನ್ನೇ, ಯಾಕಂದ್ರೆ ಸುಮಾರು ಒಂದು ತಿಂಗಳು ತಗೊಂಡು ಮೇಲೆ ಬರಬೇಕಾದ ಕೋಶ ಇಲ್ಲಿ ನಾಕೈದು ದಿನಕ್ಕೇ ಬಂದು ಉದುರತ್ತೆ. 1979ರಲ್ಲಿ ಸೈಕ್ಲೋಸ್ಪೋರಿನ್ ಕೊಟ್ಟಾಗ ಸೋರಿಯಾಸಿಸ್ ಇಳೀತು. ಅದು ಕಸಿ ಮಾಡಿದ ಅಂಗನ ದೇಹ ತಿರಸ್ಕರಿಸದೇ ಇರ್ಲಿ ಅಂತ ಬಂದಿದ್ದ, ಇಮ್ಯೂನಿಟಿ ತಗ್ಗಿಸೋ ಔಷಧಿ! ಆಗ ಅನುಮಾನ ಇಮ್ಯೂನಿಟಿಯ ಕೋಶಗಳಾದ ಟಿ ಸೆಲ್‌ಗಳ ಕಡೆ ತಿರುಗ್ತು.

ನನ್ನ ಲೆಕ್ಕದಲ್ಲಿ ಕಥೆಗೆ ನಿಜವಾದ ತಿರುವು ಸಿಕ್ಕಿದ್ದು 1997ರಲ್ಲಿ, ಜರ್ಮನಿಯ ಕೀಲ್‌ನಲ್ಲಿ. ಹಾಸಿಗೆ ಮೇಲೆ ಉದುರಿದ್ರೆ ನಾವು ಕೊಡವಿ ಬಿಸಾಡೋ ಆ ಹೊಪ್ಪಳೆಯನ್ನೇ ಅಲ್ಲಿನ ವಿಜ್ಞಾನಿಗಳು ಕೂಡಿಹಾಕಿ, ಅದರ ಸಾರ ತೆಗೆದು, ಬ್ಯಾಕ್ಟೀರಿಯಾ ಸಾಯಿಸೋ ಒಂದು ಪುಟ್ಟ ಪ್ರೋಟೀನ್ ಹುಡುಕಿದ್ರು. ಅದೇ ಬೀಟಾ ಡಿಫೆನ್ಸಿನ್-2. ಅಂದ್ರೆ ಚರ್ಮ ಸುಮ್ನೆ ಏಟು ತಿಂತಾ ಕೂತಿಲ್ಲ, ತಾನೇ ಆ್ಯಂಟಿಬಯಾಟಿಕ್ ಥರದ್ದನ್ನ ತಯಾರಿಸ್ತಿದೆ. 2002ರಲ್ಲಿ ಅಮೆರಿಕದ ಒಂದು ತಂಡ ಎರಡೂ ಕಾಯಿಲೆಯ ಚರ್ಮ ಪಕ್ಕಪಕ್ಕ ಇಟ್ಟು ನೋಡ್ತು: ಈ ಡಿಫೆನ್ಸಿನ್ನೂ, ಎಲ್ಎಲ್-37 ಅನ್ನೋ ಇನ್ನೊಂದು ಪ್ರೋಟೀನೂ ಸೋರಿಯಾಸಿಸ್‌ನಲ್ಲಿ ಯಥೇಚ್ಛ, ಎಕ್ಸಿಮಾದಲ್ಲಿ ತೀರಾ ಕಮ್ಮಿ. ಇಮ್ಯೂನ್ ಕೋಶಗಳು ಒಂದಕ್ಕೊಂದು ಸಂದೇಶ ಕಳಿಸೋ ಪ್ರೋಟೀನ್‌ಗಳಿಗೆ ಇಂಟರ್‌ಲ್ಯೂಕಿನ್ ಅಂತಾರೆ. ಎಕ್ಸಿಮಾದಲ್ಲಿ ಜಾಸ್ತಿ ಇರೋ ಇಂಟರ್‌ಲ್ಯೂಕಿನ್ 4 ಮತ್ತು 13 ಈ ಡಿಫೆನ್ಸಿನ್, ಎಲ್ಎಲ್-37ಗಳ ತಯಾರಿಕೆನೇ ಅದುಮಿಬಿಡತ್ತೆ, ಸೋರಿಯಾಸಿಸ್‌ನ ಇಂಟರ್‌ಲ್ಯೂಕಿನ್ 17 ಉಲ್ಟಾ, ಮಾಡು ಮಾಡು ಅಂತ ಹುರಿದುಂಬಿಸತ್ತೆ.

ಆದ್ರೆ ಕಾಪಾಡೋನೇ ಕಿತಾಪತಿನೂ ಮಾಡ್ತಾನೆ. ಎಲ್ಎಲ್-37 ನಮ್ಮದೇ ಡಿಎನ್ಎ ಚೂರಿಗೆ ಅಂಟ್ಕೊಂಡು ಇಮ್ಯೂನ್ ಕೋಶಗಳನ್ನ ಕೆರಳಿಸತ್ತೆ ಅಂತ 2007ರಲ್ಲಿ ಗೊತ್ತಾಯ್ತು. ಚರ್ಮ ತಪ್ಪಾ ಟಿ ಸೆಲ್ ತಪ್ಪಾ ಅನ್ನೋ ಹಳೇ ಜಗಳಕ್ಕೆ ಅಲ್ಲಿಗೆ ಅರ್ಥನೇ ಉಳೀಲಿಲ್ಲ, ಇವರು ಅವರನ್ನ ಎಬ್ಬಿಸ್ತಾರೆ ಅವರು ಇವರನ್ನ.

ಔಷಧಿಗಳೂ ಇದೇ ದಾರಿ ಹಿಡಿದ್ವು. 2013ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್, ಟಿ ಸೆಲ್ ಮೇಲಿರೋ ಸಿಡಿ6 ಪ್ರೋಟೀನ್‌ಗೆ ಗುರಿಯಿಟ್ಟ ಇಟೋಲಿಝುಮ್ಯಾಬ್‌ನ ಭಾರತದಲ್ಲಿ ತಂತು, 2015ರಲ್ಲಿ ಇಂಟರ್‌ಲ್ಯೂಕಿನ್ 17 ತಡೆಯೋ ಸೆಕ್ಯುಕಿನುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಈ 17ನ್ನ ತಡೆದ್ರೆ ಚರ್ಮ ತಿಳಿಯಾಗತ್ತೆ, ಆದ್ರೆ ಕೆಲವರಿಗೆ ಬಾಯಲ್ಲಿ ಕ್ಯಾಂಡಿಡಾ ಫಂಗಸ್ ಕಾಣಿಸ್ಕೊಳ್ಳತ್ತೆ. ಎಕ್ಸಿಮಾಗೆ 4 ಮತ್ತು 13ನ್ನ ತಡೆಯೋ ಡುಪಿಲುಮ್ಯಾಬ್ ತಗೊಂಡ ಕೆಲವರಿಗಂತೂ ಎಕ್ಸಿಮಾ ಹೋಗಿ ಸೋರಿಯಾಸಿಸ್ ಥರದ ಮಚ್ಚೆಗಳೇ ಎದ್ದಿವೆ.